ಹಿಂಚಕ್ರಕ್ಕೆ ಡಿಸ್ಕ್: ಮೊದಲು ಅಳತೆ, ಆಮೇಲೆ ಸ್ಪ್ಯಾನರ್

ಹಳೆಯ ಫೋರ್ಡ್ ಮಸ್ಟ್ಯಾಂಗ್ ಕಾರಿನ ಹಿಂದಿನ ಡ್ರಮ್ ಬ್ರೇಕ್ ತೆಗೆಸಿ ಡಿಸ್ಕ್ ಹಾಕಿಸಿಕೊಂಡವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪೆಡಲ್ ಒಮ್ಮೆ ಗಟ್ಟಿಯಾಗಿರುತ್ತದೆ, ಒಂದು ತಿರುವು ದಾಟಿ ಮತ್ತೆ ಒತ್ತಿದರೆ ಅರ್ಧಕ್ಕೆ ಇಳಿಯುತ್ತದೆ. ಹಿಂದಿನ ಒಂದು ಚಕ್ರ ಮುಟ್ಟಲಾರದಷ್ಟು ಕಾಯುತ್ತದೆ, ಇನ್ನೊಂದು ತಣ್ಣಗಿರುತ್ತದೆ. ನಿಧಾನವಾಗಿ ಹೋಗುವಾಗ ಚಕ್ರ ಸುತ್ತಿದಂತೆಲ್ಲ ಉಜ್ಜುವ ಸದ್ದು ಕೇಳುತ್ತದೆ. ಕೆಲವೇ ತಿಂಗಳಲ್ಲಿ ಪ್ಯಾಡ್ ಓರೆಯಾಗಿ ಸವೆದಿರುತ್ತದೆ. ಇದಕ್ಕೆ ಮಾಡುವ ಚಿಕಿತ್ಸೆಯೂ ಬಹುತೇಕ ಒಂದೇ: ಇನ್ನೊಮ್ಮೆ ಏರ್ ತೆಗೆಸುವುದು, ಪ್ಯಾಡ್ ಬದಲಿಸುವುದು, ಕೊನೆಗೆ ಮಾಸ್ಟರ್ ಸಿಲಿಂಡರನ್ನೇ ಹೊಸದು ಹಾಕುವುದು. ದುಡ್ಡು ಹೋಗುತ್ತದೆ, ದೂರು ಉಳಿಯುತ್ತದೆ. ಇಂಥ ಬಹಳಷ್ಟು ಕಾರುಗಳಲ್ಲಿ ತೊಂದರೆಯ ಬೇರು ಬ್ರೇಕ್ ಆಯಿಲ್‌ನಲ್ಲೂ ಇಲ್ಲ, ಪ್ಯಾಡ್‌ನಲ್ಲೂ ಇಲ್ಲ. ಡಿಸ್ಕ್ ಮತ್ತು ಕ್ಯಾಲಿಪರ್ ಒಂದಕ್ಕೊಂದು ನೇರವಾಗಿ ಕೂತಿರುವುದಿಲ್ಲ, ಅಷ್ಟೆ.

ಮಸ್ಟ್ಯಾಂಗ್ ಮಾರುಕಟ್ಟೆಗೆ ಬಂದದ್ದು 1964ರ ಏಪ್ರಿಲ್ 17ರಂದು. 1965ರ ಮಾದರಿಗೆ ಮುಂದಿನ ಚಕ್ರಗಳಿಗೆ ಕೆಲ್ಸಿ-ಹೇಯ್ಸ್ ಕಂಪನಿಯ ನಾಲ್ಕು ಪಿಸ್ಟನ್‌ಗಳ ಡಿಸ್ಕ್ ಬ್ರೇಕನ್ನು ಹೆಚ್ಚುವರಿ ಹಣ ಕೊಟ್ಟು ಹಾಕಿಸಿಕೊಳ್ಳಬಹುದಿತ್ತು. ಹಿಂದೆ ಮಾತ್ರ ಡ್ರಮ್ಮೇ. ಎಲ್ಲ ಮಸ್ಟ್ಯಾಂಗ್‌ಗಳಿಗೂ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬಂದದ್ದು 1994ರ ಮಾದರಿಯಲ್ಲಿ. ಹಾಗಾಗಿ ಮೊದಲ ಪೀಳಿಗೆಯ ಮಸ್ಟ್ಯಾಂಗ್ ಇಟ್ಟುಕೊಂಡವರು ಹಿಂದೆ ಡಿಸ್ಕ್ ಬೇಕೆಂದರೆ ಬೇರೆ ಕಡೆಯಿಂದ ತಂದೇ ಜೋಡಿಸಬೇಕು. ಕೆಲವರು 1977ರಿಂದ 1980ರವರೆಗೆ ಬಂದ ಲಿಂಕನ್ ವರ್ಸೇಲ್ಸ್ ಕಾರಿನ 9 ಇಂಚಿನ ಆಕ್ಸಲನ್ನು ಬ್ರೇಕ್ ಸಮೇತ ತರುತ್ತಾರೆ. ಕೆಲವರು 1995ರ ನಂತರದ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಇಂಚಿನ ಆಕ್ಸಲನ್ನು ಕತ್ತರಿಸಿ ಕೂರಿಸುತ್ತಾರೆ. ಉಳಿದವರು ತಮ್ಮ ವಿ8 ಮಸ್ಟ್ಯಾಂಗ್‌ನ 8 ಇಂಚಿನ ಮೂಲ ಆಕ್ಸಲ್ಲಿಗೇ ಹೊಂದುವ ಕಿಟ್ ಕೊಳ್ಳುತ್ತಾರೆ. ದಾರಿ ಯಾವುದೇ ಇರಲಿ, ಒಂದು ಕಾರಿನ ಆಕ್ಸಲ್, ಇನ್ನೊಂದು ಕಾರಿನ ಕ್ಯಾಲಿಪರ್, ಮೂರನೆಯವರು ಮಾಡಿದ ಬ್ರಾಕೆಟ್ ಒಂದೆಡೆ ಸೇರುತ್ತವೆ. ಬೋಲ್ಟ್ ಹಾಕಿದೊಡನೆ ಎಲ್ಲವೂ ತಾನಾಗಿಯೇ ಹೊಂದಿಕೊಳ್ಳುತ್ತದೆ ಎಂದು ನಂಬುವುದೇ ಮೊದಲ ತಪ್ಪು.

ಡ್ರಮ್ ಸಹಿಸಿದ್ದನ್ನು ಡಿಸ್ಕ್ ಸಹಿಸದು

ಕಾರಣ ತಿಳಿಯಬೇಕಾದರೆ ಎರಡೂ ಬ್ರೇಕ್‌ಗಳು ಎಲ್ಲಿ ಉಜ್ಜುತ್ತವೆ ಎಂಬುದನ್ನು ನೋಡಬೇಕು. ಡ್ರಮ್‌ನಲ್ಲಿ ಶೂಗಳು ಒಳಗಿನಿಂದ ಹೊರಕ್ಕೆ ಅಗಲಿ ಡ್ರಮ್‌ನ ಒಳಗೋಡೆಗೆ ಒತ್ತುತ್ತವೆ. ಆ ಗೋಡೆ ಆಕ್ಸಲ್ಲಿಗೆ ಸಮಾನಾಂತರವಾಗಿದೆ. ಆಕ್ಸಲ್ ಎಡಕ್ಕೋ ಬಲಕ್ಕೋ ಅರ್ಧ ಮಿಲಿಮೀಟರ್ ಸರಿದರೂ ಶೂಗೆ ಗೊತ್ತಾಗುವುದಿಲ್ಲ, ಗೋಡೆ ಇದ್ದಲ್ಲೇ ಇರುತ್ತದೆ. ಡಿಸ್ಕ್‌ನ ಮುಖ ಆಕ್ಸಲ್ಲಿಗೆ ಅಡ್ಡಲಾಗಿದೆ. ಆಕ್ಸಲ್ ಸರಿದಷ್ಟೂ ಡಿಸ್ಕ್ ಒಂದು ಬದಿಯ ಪ್ಯಾಡನ್ನು ತಳ್ಳುತ್ತದೆ. ಮೇಲಾಗಿ ಕ್ಯಾಲಿಪರ್‌ನಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಅದರ ಸುತ್ತಲಿನ ಚೌಕ ರಬ್ಬರ್ ಸೀಲ್ ಒಂದೇ. ಪೆಡಲ್ ಒತ್ತಿದಾಗ ತಿರುಚಿಕೊಳ್ಳುವ ಆ ಸೀಲು, ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆಳೆಯುತ್ತದೆ. ಡಿಸ್ಕ್‌ಗೂ ಪ್ಯಾಡ್‌ಗೂ ನಡುವೆ ಉಳಿಯುವ ಜಾಗ ಅಷ್ಟೇ. ಡಿಸ್ಕ್ ಅದಕ್ಕಿಂತ ಹೆಚ್ಚು ಓಲಾಡಿದರೆ ಪಿಸ್ಟನ್ ಆಳಕ್ಕೆ ತಳ್ಳಲ್ಪಡುತ್ತದೆ. ಮುಂದಿನ ಸಲ ಬ್ರೇಕ್ ಒತ್ತಿದಾಗ ಮೊದಲು ಆ ದೂರವನ್ನು ತುಂಬಬೇಕು, ಆಮೇಲಷ್ಟೇ ಹಿಡಿತ. ತಿರುವು ದಾಟಿದ ಮೇಲೆ ಪೆಡಲ್ ಕೆಳಗಿಳಿಯುವ ಗುಟ್ಟು ಇದು.

ಆದ್ದರಿಂದ ಕೆಲಸದ ಕ್ರಮ ಒಳಗಿನಿಂದ ಹೊರಕ್ಕೆ ಸಾಗಬೇಕು: ಮೊದಲು ಆಕ್ಸಲ್, ನಂತರ ಡಿಸ್ಕ್, ನಂತರ ಬ್ರಾಕೆಟ್, ಕೊನೆಗೆ ಕ್ಯಾಲಿಪರ್. ಕ್ಯಾಲಿಪರ್ ಕಣ್ಣಿಗೆ ಕಾಣುತ್ತದೆಂದು ಅಲ್ಲಿಂದ ಶುರು ಮಾಡಿದರೆ ಒಳಗಿನ ಓರೆಯನ್ನು ಹೊರಗಿನ ವಾಶರ್‌ನಿಂದ ಮುಚ್ಚಿದಂತಾಗುತ್ತದೆ. ಬೇಕಾದ ಸಾಮಾನು ಹೆಚ್ಚಿಲ್ಲ. ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇರುವ ಡಯಲ್ ಗೇಜ್, ವರ್ನಿಯರ್, ಫೀಲರ್ ಗೇಜ್, ಟಾರ್ಕ್ ರೆಂಚ್. ಕಾರನ್ನು ಜ್ಯಾಕ್ ಮೇಲಷ್ಟೇ ಬಿಡದೆ ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಹಳೆಯ ಶೂಗಳ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಆ ಧೂಳಿಗೆ ಗಾಳಿ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಆಕ್ಸಲ್‌ನ ಓಲಾಟ

ಚಕ್ರದ ನಟ್ಟುಗಳು ಕೂರುವ ಫ್ಲ್ಯಾಂಜ್‌ಗೆ ಡಯಲ್ ಗೇಜ್‌ನ ಮೂತಿ ತಾಗಿಸಿ, ಆಕ್ಸಲನ್ನು ಎರಡೂ ಕೈಯಿಂದ ಒಳಕ್ಕೆ ತಳ್ಳಿ, ಹೊರಕ್ಕೆ ಎಳೆಯಿರಿ. ಮುಳ್ಳು ಎಷ್ಟು ಸರಿಯಿತೋ ಅಷ್ಟು ಆಟ ಇದೆ ಎಂದರ್ಥ. ಫೋರ್ಡ್‌ನ 8 ಮತ್ತು 9 ಇಂಚಿನ ಆಕ್ಸಲ್‌ಗಳಲ್ಲಿ ಬೇರಿಂಗನ್ನು ಆಕ್ಸಲ್ ಮೇಲೆ ಪ್ರೆಸ್ ಮಾಡಿ, ಹೊರಗಿನಿಂದ ನಾಲ್ಕು ಬೋಲ್ಟ್‌ಗಳ ರಿಟೇನರ್ ಪ್ಲೇಟ್ ಒತ್ತಿ ಹಿಡಿದಿರುತ್ತದೆ. ಅಲ್ಲಿ ಆಟ ಇರಬಾರದು. ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಹೊಸ ಬ್ರಾಕೆಟ್ಟನ್ನೇ. ರಿಟೇನರ್ ಪ್ಲೇಟ್‌ಗೂ ಹೌಸಿಂಗ್‌ಗೂ ನಡುವೆ ಮೊದಲು ಡ್ರಮ್‌ನ ಬ್ಯಾಕಿಂಗ್ ಪ್ಲೇಟ್ ಇತ್ತು, ಈಗ ಆ ಜಾಗಕ್ಕೆ ಡಿಸ್ಕ್ ಬ್ರಾಕೆಟ್ ಬಂದಿದೆ. ಅದು ಹಳೆಯ ಪ್ಲೇಟ್‌ಗಿಂತ ದಪ್ಪವಾಗಿದ್ದರೆ ರಿಟೇನರ್ ಅಷ್ಟೇ ಹೊರಗೆ ನಿಲ್ಲುತ್ತದೆ, ಬೇರಿಂಗ್‌ಗೆ ತಾಗುವುದೇ ಇಲ್ಲ. ತೆಳ್ಳಗಿದ್ದರೆ ಬೋಲ್ಟ್ ಬಿಗಿದಾಗ ರಿಟೇನರ್ ಬಾಗುತ್ತದೆ. ಹಾಗಾಗಿ ಬ್ಯಾಕಿಂಗ್ ಪ್ಲೇಟ್ ಬಿಚ್ಚಿದ ಕೂಡಲೇ ಅದರ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಬ್ರಾಕೆಟ್ ದಪ್ಪವಾಗಿದ್ದಲ್ಲಿ ಆ ವ್ಯತ್ಯಾಸದಷ್ಟು ದಪ್ಪದ ಉಕ್ಕಿನ ಉಂಗುರವನ್ನು ಬೇರಿಂಗ್‌ನ ಹೊರ ರೇಸ್ ಮತ್ತು ರಿಟೇನರ್ ನಡುವೆ ಕೊಡಬೇಕು.

ಎಕ್ಸ್‌ಪ್ಲೋರರ್‌ನ 8.8 ಇಂಚಿನ ಆಕ್ಸಲ್ ಬೇರೆ ಜಾತಿಯದು. ಅದನ್ನು ಹಿಡಿದಿರುವುದು ಒಳಗೆ ಡಿಫರೆನ್ಶಿಯಲ್‌ನಲ್ಲಿರುವ 'ಸಿ' ಆಕಾರದ ಕ್ಲಿಪ್. ಜನರಲ್ ಮೋಟಾರ್ಸ್‌ನ ಎಷ್ಟೋ ಹಳೆಯ ಕಾರುಗಳಲ್ಲೂ ಇದೇ ವ್ಯವಸ್ಥೆ. ಇಲ್ಲಿ ಸ್ವಲ್ಪ ಆಟ ಹುಟ್ಟಿನಿಂದಲೇ ಇರುತ್ತದೆ, ಅದು ದೋಷವಲ್ಲ. ಆದರೆ ಇಂಥ ಆಕ್ಸಲ್ಲಿಗೆ ಎರಡೂ ಬದಿಯಲ್ಲಿ ಪಿಸ್ಟನ್ ಇರುವ, ಸ್ಥಿರವಾಗಿ ಕೂರುವ ಕ್ಯಾಲಿಪರ್ ಹಾಕಿದರೆ ಪ್ರತಿ ತಿರುವಿನಲ್ಲೂ ಡಿಸ್ಕ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಪಿನ್‌ಗಳ ಮೇಲೆ ಜಾರುವ ಒಂದೇ ಬದಿಯ ಪಿಸ್ಟನ್ನಿನ ಕ್ಯಾಲಿಪರ್ ಮಾತ್ರ ಆ ಓಲಾಟದ ಜೊತೆ ತಾನೂ ಸರಿದು ಸರಿದೂಗಿಸುತ್ತದೆ. ಎಕ್ಸ್‌ಪ್ಲೋರರ್‌ಗೆ ಫೋರ್ಡ್ ಕೊಟ್ಟದ್ದೂ ಅಂಥದ್ದನ್ನೇ. ನೋಡಲು ಚೆಂದವೆಂದು ನಾಲ್ಕು ಪಿಸ್ಟನ್‌ಗಳ ಕ್ಯಾಲಿಪರ್ ಹಾಕಿಸುವ ಮುನ್ನ ಈ ಮಾತು ನೆನಪಿರಲಿ.

ಡಿಸ್ಕ್ ಚಪ್ಪಟೆಯಾಗಿ ಕೂತಿದೆಯೇ?

ಮುಂದಿನದು ಡಿಸ್ಕ್. ಫ್ಲ್ಯಾಂಜ್‌ನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ ತುಕ್ಕು, ಬಣ್ಣ ಎಲ್ಲ ತೆಗೆಯಿರಿ. ಫ್ಲ್ಯಾಂಜ್‌ನ ಅಂಚಿನಲ್ಲಿ ಸಿಕ್ಕಿಕೊಂಡ ಸಣ್ಣ ತುಕ್ಕಿನ ಹಕ್ಕಳೆಯೂ ಡಿಸ್ಕ್‌ನ ಹೊರ ಅಂಚಿಗೆ ಬರುವಷ್ಟರಲ್ಲಿ ಎರಡು ಪಟ್ಟಿನ ಓಲಾಟವಾಗಿ ಕಾಣಿಸುತ್ತದೆ. ಇನ್ನೊಂದು ಸಂಗತಿ ಹಳೆಯ ಆಕ್ಸಲ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಡಿಸ್ಕ್‌ನ ಟೋಪಿಯಂಥ ನಡುಭಾಗದ ಒಳಮೂಲೆ ದುಂಡಗಿರುತ್ತದೆ, ಫ್ಲ್ಯಾಂಜ್‌ನ ಅಂಚು ಚೂಪಾಗಿರುತ್ತದೆ. ಫ್ಲ್ಯಾಂಜ್ ಸ್ವಲ್ಪ ದೊಡ್ಡದಿದ್ದರೆ ಅದರ ಅಂಚು ಆ ದುಂಡು ಮೂಲೆಗೆ ತಾಗಿ ನಿಲ್ಲುತ್ತದೆ, ಡಿಸ್ಕ್ ಪೂರ್ತಿ ಕೂರುವುದಿಲ್ಲ. ಫ್ಲ್ಯಾಂಜ್‌ಗೆ ಮಾರ್ಕಿಂಗ್ ಬ್ಲೂ ಹಚ್ಚಿ ಡಿಸ್ಕ್ ಒತ್ತಿ ತೆಗೆದರೆ ಗುರುತು ಎಲ್ಲಿ ಬಿದ್ದಿದೆ ಎಂದು ಸ್ಪಷ್ಟವಾಗಿ ಕಾಣುತ್ತದೆ. ಅಂಚಿನಲ್ಲಷ್ಟೇ ಬಿದ್ದಿದ್ದರೆ ಆಕ್ಸಲನ್ನು ಲೇತ್‌ಗೆ ಕೊಟ್ಟು ಅಂಚನ್ನು ಸ್ವಲ್ಪ ಓರೆಯಾಗಿ ತೆಗೆಸಬೇಕು.

ಆಮೇಲೆ ಓಲಾಟ ಅಳೆಯುವುದು. ಹಿಂದಿನ ಡಿಸ್ಕನ್ನು ಬಿಗಿಯಾಗಿ ಹಿಡಿಯುವುದು ಚಕ್ರವೇ. ಚಕ್ರ ಇಲ್ಲದಾಗ ಅದು ಸಡಿಲವಾಗಿ ನೇತಾಡುತ್ತದೆ. ಹಾಗಾಗಿ ದಪ್ಪ ವಾಶರ್ ಕೊಟ್ಟು ಎಲ್ಲ ನಟ್ಟುಗಳನ್ನೂ ಸಮವಾಗಿ ಬಿಗಿದ ಮೇಲೆಯೇ ಗೇಜ್ ಇಡಬೇಕು. ಡಿಸ್ಕ್‌ನ ಹೊರ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಮೂತಿ ತಾಗಿಸಿ, ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಸೈಕಲ್ ಶಾಪ್‌ನಲ್ಲಿ ರಿಮ್‌ನ ಬೆಂಡ್ ತೆಗೆಯುವವನು ಚಕ್ರ ತಿರುಗಿಸಿ ಬೆರಳು ಹಿಡಿದು ನೋಡುವ ಕೆಲಸವೇ ಇದು, ಬೆರಳಿನ ಜಾಗದಲ್ಲಿ ಗೇಜ್ ಇದೆ. ಮುಳ್ಳಿನ ಒಟ್ಟು ಓಡಾಟ 0.10 ಮಿಲಿಮೀಟರ್ ಒಳಗಿರಬೇಕು, 0.05 ಇದ್ದರೆ ಇನ್ನೂ ಒಳ್ಳೆಯದು.

ಹೆಚ್ಚಿದ್ದರೆ ಡಿಸ್ಕನ್ನು ಎಸೆಯುವ ಅವಸರ ಬೇಡ. ಅತಿ ಎತ್ತರದ ಜಾಗವನ್ನು ಡಿಸ್ಕ್ ಮೇಲೂ ಆಕ್ಸಲ್ ಮೇಲೂ ಸೀಮೆಸುಣ್ಣದಿಂದ ಗುರುತು ಮಾಡಿ, ಡಿಸ್ಕ್ ಬಿಚ್ಚಿ, ಒಂದು ಬೋಲ್ಟ್‌ನಷ್ಟು ತಿರುಗಿಸಿ ಮತ್ತೆ ಕೂರಿಸಿ ಅಳೆಯಿರಿ. ಐದು ಬೋಲ್ಟ್‌ಗಳ ಆಕ್ಸಲ್ ಆದ್ದರಿಂದ ಐದು ಜಾಗಗಳು ಸಿಗುತ್ತವೆ. ಎತ್ತರದ ಜಾಗ ಡಿಸ್ಕ್ ಜೊತೆಗೇ ತಿರುಗಿದರೆ ದೋಷ ಡಿಸ್ಕ್‌ನದು. ಆಕ್ಸಲ್‌ನ ಗುರುತಿನ ಬಳಿಯೇ ಉಳಿದರೆ ಫ್ಲ್ಯಾಂಜ್ ಬಾಗಿದೆ ಅಥವಾ ಕೊಳೆ ಉಳಿದಿದೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ಇದ್ದರೆ, ಐದರಲ್ಲಿ ಯಾವುದೋ ಒಂದು ಜಾಗದಲ್ಲಿ ಒಂದರ ಓರೆ ಇನ್ನೊಂದನ್ನು ಕಳೆಯುತ್ತದೆ. ಅಲ್ಲಿಯೇ ನಿಲ್ಲಿಸಿ ಶಾಶ್ವತ ಗುರುತು ಹಾಕಿ. ಮುಂದೆ ಪ್ಯಾಡ್ ಬದಲಿಸುವವರು ಯಾರೇ ಆಗಲಿ ಅದೇ ಗುರುತಿಗೆ ಕೂರಿಸಲಿ.

ಇಷ್ಟು ಸಣ್ಣ ಅಳತೆಗೆ ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಓಲಾಡುವ ಡಿಸ್ಕ್ ಮೊದಲ ದಿನ ಏನೂ ಹೇಳುವುದಿಲ್ಲ. ಬ್ರೇಕ್ ಒತ್ತದೆ ಓಡುವಾಗಲೂ ಅದರ ಎತ್ತರದ ಜಾಗ ಪ್ರತಿ ಸುತ್ತಿಗೆ ಒಮ್ಮೆ ಪ್ಯಾಡ್‌ಗೆ ತಾಗಿ ಸವೆಯುತ್ತಲೇ ಇರುತ್ತದೆ. ಸಾವಿರಾರು ಕಿಲೋಮೀಟರ್ ಆದ ಮೇಲೆ ಡಿಸ್ಕ್‌ನ ದಪ್ಪವೇ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತದೆ. ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದ ವ್ಯತ್ಯಾಸ ಸಾಕು, ಪೆಡಲ್ ಕಾಲಿನಡಿ ನಡುಗುತ್ತದೆ. ಡಿಸ್ಕ್ ಬಿಸಿಗೆ ಬಾಗಿದೆ ಎಂದು ಗ್ಯಾರೇಜ್‌ಗಳಲ್ಲಿ ಹೇಳುವುದರಲ್ಲಿ ಬಹುಪಾಲು ಹೀಗೆ ಅಸಮವಾಗಿ ಸವೆದ ಡಿಸ್ಕ್‌ಗಳೇ. ಹೊಸ ಡಿಸ್ಕ್ ಹಾಕಿದರೆ ನಡುಕ ನಿಲ್ಲುತ್ತದೆ. ಓಲಾಟ ಸರಿಪಡಿಸದಿದ್ದರೆ ಮತ್ತೆ ಬರುತ್ತದೆ.

ಬ್ರಾಕೆಟ್ ಮತ್ತು ಕ್ಯಾಲಿಪರ್

ಈಗ ಬ್ರಾಕೆಟ್. ಇದರ ಎರಡು ಕಿವಿಗಳಿಗೆ ಕ್ಯಾಲಿಪರ್ ಬೋಲ್ಟ್ ಆಗುತ್ತದೆ. ಡಿಸ್ಕ್‌ನ ಮುಖದಿಂದ ಮೇಲಿನ ಕಿವಿಗೆ, ಹಾಗೆಯೇ ಕೆಳಗಿನ ಕಿವಿಗೆ ಇರುವ ದೂರವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಎರಡೂ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ಬ್ರಾಕೆಟ್ ಓರೆಯಾಗಿದೆ. ಹೌಸಿಂಗ್‌ನ ಮುಖದಲ್ಲಿ ಹಳೆಯ ಗ್ಯಾಸ್ಕೆಟ್ ತುಣುಕು, ವೆಲ್ಡಿಂಗ್ ಸಿಡಿ, ದಪ್ಪ ಪೇಂಟ್ ಉಳಿದಿದ್ದರೆ ಹೀಗಾಗುತ್ತದೆ. ಅವನ್ನು ತೆಗೆಯಿರಿ. ಕಿವಿಯನ್ನು ಸುತ್ತಿಗೆಯಿಂದ ಬಗ್ಗಿಸುವುದು, ಬೋಲ್ಟ್‌ನ ತೂತನ್ನು ಫೈಲ್‌ನಿಂದ ಉದ್ದ ಮಾಡುವುದು, ಬ್ರಾಕೆಟ್ಟನ್ನು ಗ್ರೈಂಡರ್‌ನಲ್ಲಿ ಹೆರೆಯುವುದು ಬೇಡವೇ ಬೇಡ. ಚಕ್ರದ ಬ್ರೇಕಿನ ಪೂರ್ತಿ ತಿರುಚುಬಲ ಹೋಗಿ ಬೀಳುವುದು ಆ ಎರಡು ಬೋಲ್ಟ್‌ಗಳ ಮೇಲೆ.

ಎರಡೂ ದೂರ ಸಮವಾಗಿದ್ದು ಕ್ಯಾಲಿಪರ್ ಮಾತ್ರ ಒಟ್ಟಾಗಿ ಒಳಗೋ ಹೊರಗೋ ಸರಿದಿದ್ದರೆ, ಆಕ್ಸಲ್‌ಗೆ ಸರಿಹೊಂದದ ಕಿಟ್ ಬಂದಿರಬಹುದು. ಹೌಸಿಂಗ್‌ನ ಮುಖದಿಂದ ಆಕ್ಸಲ್ ಫ್ಲ್ಯಾಂಜ್‌ನ ಹೊರಮುಖಕ್ಕೆ ಇರುವ ದೂರಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಫೋರ್ಡ್‌ನ ದೊಡ್ಡ ಬೇರಿಂಗ್‌ನ ಆಕ್ಸಲ್‌ಗಳಲ್ಲೇ 2.36 ಇಂಚಿನದು ಒಂದು, 2.50 ಇಂಚಿನದು ಇನ್ನೊಂದು. ವ್ಯತ್ಯಾಸ ಸುಮಾರು ಮೂರೂವರೆ ಮಿಲಿಮೀಟರ್. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಾಣುತ್ತವೆ. ಒಂದಕ್ಕೆ ಮಾಡಿದ ಬ್ರಾಕೆಟ್ ಇನ್ನೊಂದಕ್ಕೆ ಬೋಲ್ಟ್ ಆದರೂ ಡಿಸ್ಕ್ ನಡುವೆ ಬರುವುದಿಲ್ಲ. ಆದ್ದರಿಂದ ಕಾರಿನ ವರ್ಷ ಹೇಳಿ ಕಿಟ್ ತರಿಸಬೇಡಿ. ಅರವತ್ತು ವರ್ಷದ ಕಾರಿನಲ್ಲಿ ಆಕ್ಸಲ್ ಯಾವತ್ತೋ ಬದಲಾಗಿರಬಹುದು. ಈ ಅಳತೆಯನ್ನೂ ಹೌಸಿಂಗ್‌ನ ಬೋಲ್ಟ್ ತೂತುಗಳ ನಡುವಿನ ಅಂತರವನ್ನೂ ಹೇಳಿ ತರಿಸಿ.

ಸಣ್ಣ ವ್ಯತ್ಯಾಸಕ್ಕೆ ಶಿಮ್ ಇದೆ. ಸ್ಥಿರ ಕ್ಯಾಲಿಪರ್ ಆದರೆ ಮೇಲಿನ ಕಿಂಡಿಯಿಂದ ನೋಡಿ, ಡಿಸ್ಕ್‌ನ ಎರಡೂ ಬದಿಗೆ ಇರುವ ಜಾಗವನ್ನು ಫೀಲರ್ ಗೇಜ್‌ನಿಂದ ಅಳೆದು, ನಡುವೆ ಬರುವಷ್ಟು ಶಿಮ್ ಕೊಡಿ. ಮೇಲಿನ ಬೋಲ್ಟ್‌ಗೆ ಎಷ್ಟೋ ಕೆಳಗಿನದಕ್ಕೂ ಅಷ್ಟೇ. ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಕೊಟ್ಟರೆ ನೇರವಿದ್ದ ಕ್ಯಾಲಿಪರನ್ನು ನಾವೇ ಓರೆ ಮಾಡಿದ ಹಾಗೆ. ಜಾರುವ ಕ್ಯಾಲಿಪರ್ ತಾನೇ ನಡುವೆ ಬರುತ್ತದೆ ಎಂಬುದು ಅರ್ಧ ಸತ್ಯ. ಹೊಸ ಪ್ಯಾಡ್ ಇದ್ದಾಗಲೂ ಪ್ಯಾಡ್ ಪೂರ್ತಿ ಸವೆದಾಗಲೂ ಪಿನ್‌ಗಳ ಮೇಲೆ ಜಾರಲು ಅದಕ್ಕೆ ಜಾಗ ಇರಬೇಕು. ಓರೆಯನ್ನಂತೂ ಅದು ಸರಿಪಡಿಸಲಾರದು. ಪ್ಯಾಡ್‌ನ ಮೇಲಂಚು ಡಿಸ್ಕ್‌ನ ಹೊರ ಅಂಚಿಗೆ ಸಮವಾಗಿರಲಿ. ಹೊರಗೆ ಚಾಚಿದರೆ ಪ್ಯಾಡ್‌ನಲ್ಲಿ ತುಟಿ ಉಳಿದು ಮುಂದೆ ಡಿಸ್ಕ್ ಅಂಚಿಗೆ ತಾಗುತ್ತದೆ.

ಈಗಾಗಲೇ ಓಡಿಸಿರುವ ಕಾರಾದರೆ ಸವೆದ ಪ್ಯಾಡ್‌ಗಳೇ ಸಾಕ್ಷಿ. ಒಂದೇ ಚಕ್ರದ ಒಳ ಮತ್ತು ಹೊರ ಪ್ಯಾಡ್ ಎರಡನ್ನೂ ಮೇಜಿನ ಮೇಲಿಟ್ಟು ಎರಡು ತುದಿಗಳ ದಪ್ಪ ಅಳೆಯಿರಿ. ಒಳಗಿನದು ಒಂದು ತುದಿಯಲ್ಲಿ, ಹೊರಗಿನದು ಎದುರು ತುದಿಯಲ್ಲಿ ಸವೆದಿದ್ದರೆ ಕ್ಯಾಲಿಪರ್ ಓರೆಯಾಗಿದೆ. ಎರಡೂ ನೇರವಾಗಿ ಸವೆದು ಒಳಗಿನದು ಮಾತ್ರ ತೀರಾ ತೆಳ್ಳಗಾಗಿದ್ದರೆ ಜಾರುವ ಪಿನ್‌ಗಳು ಹಿಡಿದುಕೊಂಡಿವೆ.

ಜೋಡಣೆಯ ದೋಷವೆಂದು ಕಾಣುವ ಇತರ ದೋಷಗಳು

ಎಲ್ಲ ಅಳತೆ ಸರಿಯಿದ್ದೂ ಪೆಡಲ್ ಮೆತ್ತಗಿದ್ದರೆ ಏರ್ ತೆಗೆಯುವ ನಿಪ್ಪಲ್ ಎಲ್ಲಿದೆ ನೋಡಿ. ಅದು ಕ್ಯಾಲಿಪರ್‌ನ ತುತ್ತತುದಿಯಲ್ಲಿರಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೆ ನಿಪ್ಪಲ್ ಕೆಳಗಾಗಿ ಗಾಳಿ ಮೇಲೇ ಉಳಿಯುತ್ತದೆ, ಎಷ್ಟು ಬಾಟಲಿ ಆಯಿಲ್ ಸುರಿದರೂ ಹೋಗುವುದಿಲ್ಲ. ಡ್ರಮ್ ಕಾಲದ ಮಾಸ್ಟರ್ ಸಿಲಿಂಡರ್‌ನಲ್ಲಿ ಲೈನಿನೊಳಗೆ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ಒಂದು ಸಣ್ಣ ವಾಲ್ವ್ ಇರಬಹುದು. ಡ್ರಮ್‌ನ ಗಟ್ಟಿ ಸ್ಪ್ರಿಂಗ್‌ಗಳಿಗೆ ಅದು ಲೆಕ್ಕಕ್ಕಿಲ್ಲ. ಡಿಸ್ಕ್‌ನಲ್ಲಿ ಅದು ಪ್ಯಾಡನ್ನು ಸದಾ ಒತ್ತಿ ಹಿಡಿದು ಚಕ್ರ ಕಾಯಿಸುತ್ತದೆ, ಆದ್ದರಿಂದ ತೆಗೆಯಬೇಕು. 1965 ಮತ್ತು 1966ರ ಮಸ್ಟ್ಯಾಂಗ್‌ಗಳಿಗೆ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್ ಇತ್ತು, ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತಿತ್ತು. ಡಿಸ್ಕ್ ಹಾಕುವವರು ಇದೇ ನೆಪದಲ್ಲಿ ಎರಡು ಕೋಣೆಯದಕ್ಕೆ ಬದಲಾಯಿಸುವುದು ಜಾಣತನ. ಜಾರುವ ಕ್ಯಾಲಿಪರ್‌ಗೆ ಕೊನೆಯವರೆಗೂ ಲೋಹದ ಪೈಪ್ ಕೊಡಬಾರದು, ಬಾಗುವ ಹೋಸ್ ಇರಲೇಬೇಕು.

ಹ್ಯಾಂಡ್ ಬ್ರೇಕ್ ಇನ್ನೊಂದು ಗೊಂದಲದ ಮೂಲ. ವರ್ಸೇಲ್ಸ್‌ನಂಥ ಕ್ಯಾಲಿಪರ್‌ಗಳಲ್ಲಿ ಹ್ಯಾಂಡ್ ಬ್ರೇಕಿನ ಯಂತ್ರ ಪಿಸ್ಟನ್ ಒಳಗೇ ಇರುತ್ತದೆ. ಕೇಬಲ್ ಬಿಗಿಯಾಗಿ ಲಿವರ್ ಪೂರ್ತಿ ಹಿಂದಕ್ಕೆ ಬರದಿದ್ದರೆ ಪ್ಯಾಡ್ ಸವೆದಂತೆ ತಾನೇ ಸರಿಹೊಂದುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ, ಪೆಡಲ್ ದಿನೇದಿನೇ ಕೆಳಗಿಳಿಯುತ್ತದೆ. ಆದ್ದರಿಂದ ಕಾಲಿನ ಬ್ರೇಕ್ ಪೂರ್ತಿ ಸರಿಯಾದ ಮೇಲೆಯೇ ಕೇಬಲ್ ಬಿಗಿ ಮಾಡಿ. ಎಕ್ಸ್‌ಪ್ಲೋರರ್‌ನಲ್ಲಿ ಡಿಸ್ಕ್‌ನ ಟೋಪಿಯೊಳಗೆ ಪುಟ್ಟ ಡ್ರಮ್ ಬ್ರೇಕ್ ಬೇರೆಯೇ ಇದೆ, ಅದರ ಶೂ ಉಜ್ಜುವ ಸದ್ದನ್ನು ಕ್ಯಾಲಿಪರ್‌ನದೆಂದು ತಿಳಿಯಬಾರದು.

ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಬೇಕು ಎಂಬುದೂ ಇತ್ಯರ್ಥವಾಗಬೇಕು. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹೆಚ್ಚಿನ ಹಿಡಿತ ಮುಂಚಕ್ರಗಳದೇ. ಹಿಂಚಕ್ರ ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ. ಹಿಂದಿನ ಲೈನಿಗೆ ಪ್ರಮಾಣ ಬದಲಿಸಬಹುದಾದ ಪ್ರಪೋರ್ಷನಿಂಗ್ ವಾಲ್ವ್ ಹಾಕಿ, ಖಾಲಿ ಮೈದಾನದಲ್ಲಿ ಮೆಲ್ಲನೆಯ ವೇಗದಿಂದ ಶುರುಮಾಡಿ, ಮುಂಚಕ್ರವೇ ಮೊದಲು ಲಾಕ್ ಆಗುವಂತೆ ಹೊಂದಿಸಬೇಕು. ಇದಾದ ಮೇಲೆ ಕೆಲವು ಕಿಲೋಮೀಟರ್ ಓಡಿಸಿ, ಎರಡೂ ಹಿಂದಿನ ಡಿಸ್ಕ್‌ಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ನೋಡಿ. ಒಂದು ಬದಿ ಎದ್ದು ಕಾಣುವಷ್ಟು ಹೆಚ್ಚು ಬಿಸಿಯಿದ್ದರೆ ಆ ಬದಿಯನ್ನು ಮತ್ತೆ ಅಳೆಯಬೇಕು.

ಇದೆಲ್ಲ ಬೇಕೇ?

ನನ್ನ ಅಭಿಪ್ರಾಯ ನೇರವಾಗಿದೆ. ಮುಂದಿನ ಚಕ್ರಕ್ಕೆ ಇನ್ನೂ ಡ್ರಮ್ಮೇ ಇರುವ ಕಾರಿನಲ್ಲಿ ಹಿಂದೆ ಡಿಸ್ಕ್ ಹಾಕಿಸುವುದು ವ್ಯರ್ಥ ಖರ್ಚು. 1953ರ ಲೆ ಮಾನ್ಸ್ ಓಟವನ್ನು ಜಾಗ್ವಾರ್ ಗೆದ್ದಾಗ ಡಿಸ್ಕ್‌ನ ದೊಡ್ಡ ಬಲ ಕಂಡದ್ದು ಬಿಸಿಯಾದರೂ ಹಿಡಿತ ಬಿಡದ ಗುಣದಲ್ಲಿ. 1955ರ ಸಿತ್ರೊಯೆನ್ ಡಿಎಸ್ ಕಾರಿಗೂ ಡಿಸ್ಕ್ ಇದ್ದದ್ದು ಮುಂದೆ ಮಾತ್ರ, ಹಿಂದೆ ಡ್ರಮ್. ಇವತ್ತು ನಮ್ಮ ರಸ್ತೆಯಲ್ಲಿ ಓಡುವ ಎಷ್ಟೋ ಹೊಸ ಕಾರುಗಳಿಗೂ ಅದೇ ವ್ಯವಸ್ಥೆ. ಘಟ್ಟದ ಇಳಿಜಾರು, ಉದ್ದ ಪ್ರಯಾಣ, ಬಲ ಹೆಚ್ಚಿಸಿದ ಎಂಜಿನ್ ಇದ್ದರೆ ಹಿಂದಿನ ಡಿಸ್ಕ್‌ಗೆ ಅರ್ಥವಿದೆ. ಅಂದಕ್ಕಾದರೆ ಬೇಡ.

ನಮ್ಮಲ್ಲಿ ಹಳೆಯ ಕಾರು ಇಟ್ಟುಕೊಂಡವರು ಕಾನೂನನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳು 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ ಅನ್ವಯಿಸುತ್ತವೆ. ಸ್ಪ್ಯಾನರ್ ಹಿಡಿಯುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಬಿಚ್ಚಿದ ಮೂಲ ಡ್ರಮ್, ಪ್ಲೇಟ್, ಶೂಗಳನ್ನು ಗುಜರಿಗೆ ಹಾಕದೆ ಜೋಪಾನವಾಗಿಡಿ.

ಕೆಲಸವನ್ನು ನೀವೇ ಮಾಡಿ, ಮೆಕ್ಯಾನಿಕ್‌ಗೆ ಕೊಡಿ, ಒಂದು ಹಾಳೆಯಲ್ಲಿ ನಾಲ್ಕು ಅಂಕಿಗಳು ಬರೆದಿರಲೇಬೇಕು: ಆಕ್ಸಲ್‌ನ ಆಟ, ಡಿಸ್ಕ್‌ನ ಓಲಾಟ, ಎರಡು ಕಿವಿಗಳ ದೂರ, ಕೊಟ್ಟ ಶಿಮ್‌ನ ದಪ್ಪ. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು. ಆ ಹಾಳೆಯನ್ನು ಕಾರಿನ ಕಾಗದಪತ್ರಗಳ ಜೊತೆಗಿಡಿ. ಅಂಕಿ ಕೇಳಿದರೆ "ಎಲ್ಲ ಸರಿ ಇದೆ ಸಾರ್, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ" ಎನ್ನುವ ಕಡೆ ಬ್ರೇಕಿನ ಕೆಲಸ ಮಾಡಿಸಬೇಡಿ. ಹೊಸ ಪ್ಯಾಡ್ ಓಡಿಸುತ್ತ ಹೊಂದಿಕೊಳ್ಳುತ್ತದೆ ನಿಜ, ಓರೆಯಾದ ಬ್ರಾಕೆಟ್ ಎಷ್ಟು ಓಡಿಸಿದರೂ ಹೊಂದಿಕೊಳ್ಳುವುದಿಲ್ಲ.